ಇಂಗ್ಲೆಂಡಿನ ಪಬ್ಬಿನಲ್ಲಿ ಕಾಸ್ಕ್ ಏಲ್: ಆರಿಸುವುದು, ಕೇಳುವುದು, ಸವಿಯುವುದು ಹೇಗೆ?

ಓದಲು, ಕೆಲಸಕ್ಕೆ, ಮಕ್ಕಳ ಮನೆಗೆ ಅಂತ ಇಂಗ್ಲೆಂಡಿಗೆ ಬರುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಪಬ್ಬಿನಲ್ಲಿ ಇಲ್ಲಿನ ಸಾಂಪ್ರದಾಯಿಕ ಬಿಯರ್ ತೊಗೊಂಡೆ. ತಣ್ಣಗಿರಲಿಲ್ಲ, ಗ್ಯಾಸೂ ಇರಲಿಲ್ಲ. ಅದು ಹಾಳಾಗಿತ್ತಾ, ಇಲ್ಲಾ ಹಾಗೇ ಇರಬೇಕಾ?"

ಎರಡೂ ಸಾಧ್ಯ. ಒಂದೇ ಕಂಪನಿಯ ಒಂದೇ ಬಿಯರ್ ಒಂದು ಪಬ್ಬಿನಲ್ಲಿ ಅದ್ಭುತವಾಗಿರುತ್ತದೆ, ಅದೇ ಬೀದಿಯ ಇನ್ನೊಂದು ಪಬ್ಬಿನಲ್ಲಿ ಸಪ್ಪೆಯಾಗಿರುತ್ತದೆ. ಯಾಕೆಂದರೆ ಕಾಸ್ಕ್ ಏಲ್ ಎಂಬ ಈ ಬಿಯರ್ ಕಾರ್ಖಾನೆಯಲ್ಲಿ ತಯಾರಾಗಿ ಮುಗಿಯುವುದಿಲ್ಲ. ಅದರ ಕೊನೆಯ ಹಂತ ನಡೆಯುವುದು ಪಬ್ಬಿನ ನೆಲಮಾಳಿಗೆಯಲ್ಲಿ. ಹಾಗಾಗಿ ಬಿಯರ್ ಹೆಸರಿಗಿಂತ ಮೊದಲು ಪಬ್ ನೋಡಿ ಆರಿಸಬೇಕು. ಈ ಇಡೀ ಲೇಖನದಲ್ಲಿ ನಾನು ಹೇಳಲು ಹೊರಟಿರುವ ಮುಖ್ಯ ಮಾತು ಇದೇ. ಮೊದಲ ಲೋಟ ಚೆನ್ನಾಗಿರಲಿಲ್ಲ ಅಂತ ಈ ಬಿಯರನ್ನೇ ಬಿಟ್ಟುಬಿಡುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಇದು ಈಗಾಗಲೇ ಬಿಯರ್ ಕುಡಿಯುವ ಅಭ್ಯಾಸ ಇರುವವರಿಗೆ ಬರೆದದ್ದು. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಿಲ್ಲ.

ಹೊರಡುವ ಮುಂಚೆ

ವಯಸ್ಸಿನ ಗುರುತಿನ ಚೀಟಿ ಜೇಬಿನಲ್ಲಿರಲಿ. ಮದ್ಯ ಕೊಳ್ಳಲು 18 ತುಂಬಿರಬೇಕು. ಆದರೆ ನೋಡಲು 25ಕ್ಕಿಂತ ಚಿಕ್ಕವರಂತೆ ಕಂಡರೆ ಬಹಳ ಕಡೆ ಚೀಟಿ ಕೇಳುತ್ತಾರೆ.

ಕಾರು ತರಬೇಡಿ. ಇಂಗ್ಲೆಂಡಿನಲ್ಲಿ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಆಲ್ಕೋಹಾಲ್, ಸ್ಕಾಟ್ಲೆಂಡಿನಲ್ಲಿ 50. ಎಷ್ಟು ಕುಡಿದರೆ ಮಿತಿಯೊಳಗೆ ಇರುತ್ತೇವೆ ಅಂತ ಲೆಕ್ಕ ಹಾಕುವ ಗೋಜೇ ಬೇಡ. ಬಸ್ಸು, ರೈಲು ಹಿಡಿದು ಬನ್ನಿ.

ಜೋರು ವಾಸನೆಯ ಸೆಂಟು ಹಾಕಿಕೊಳ್ಳಬೇಡಿ. ಖಾರದ ಊಟ ಮಾಡಿದ ತಕ್ಷಣ ಬರಬೇಡಿ. ಖಾರದಿಂದ ಉರಿಯುತ್ತಿರುವ ನಾಲಿಗೆಗೆ ಈ ಬಿಯರಿನ ಅರ್ಧ ರುಚಿಯೂ ತಿಳಿಯುವುದಿಲ್ಲ.

ಸಸ್ಯಾಹಾರಿಗಳು ಗಮನಿಸಲೇಬೇಕಾದ ವಿಷಯ ಒಂದಿದೆ. ಬಿಯರನ್ನು ತಿಳಿಯಾಗಿಸಲು ಬಹಳಷ್ಟು ಕಾಸ್ಕ್‌ಗಳಿಗೆ, ಅಂದರೆ ಪೀಪಾಯಿಗಳಿಗೆ, ಐಸಿಂಗ್ಲಾಸ್ ಎಂಬ ಪದಾರ್ಥ ಹಾಕುತ್ತಾರೆ. ಇದನ್ನು ಮೀನಿನ ಗಾಳಿಚೀಲದಿಂದ ತೆಗೆಯುತ್ತಾರೆ. ಅದು ಯೀಸ್ಟನ್ನು ಹಿಡಿದುಕೊಂಡು ತಳಕ್ಕೆ ಇಳಿದುಬಿಡುತ್ತದೆ, ಲೋಟಕ್ಕೆ ಬರುವುದು ತೀರಾ ಕಡಿಮೆ. ಆದರೂ ಬಳಸಿರುವುದಂತೂ ನಿಜ. ಇದು ನಿಮಗೆ ಮುಖ್ಯವಾಗಿದ್ದರೆ ಬಾರ್‌ನಲ್ಲಿ "ಈಸ್ ದಿಸ್ ಅನ್‌ಫೈನ್ಡ್?" ಅಥವಾ "ಈಸ್ ಇಟ್ ವೀಗನ್?" ಅಂತ ಕೇಳಿ. ಅನ್‌ಫೈನ್ಡ್ ಅಂದರೆ ಇಂಥ ಪದಾರ್ಥ ಹಾಕದೆ ಬಿಟ್ಟದ್ದು. ಬ್ರಿಸ್ಟಲ್‌ನ ಮೂರ್ ಬಿಯರ್ ಕಂಪನಿ ಇಂಥ ಬಿಯರಿಗೇ ಹೆಸರಾಗಿದೆ. ಕೆಲವು ಪಂಪ್‌ಗಳ ಮೇಲೆ ಇದನ್ನು ಬರೆದೂ ಇರುತ್ತಾರೆ. ಕೇಳಲು ಸಂಕೋಚ ಬೇಡ, ಈ ಪ್ರಶ್ನೆ ಅವರಿಗೆ ಹೊಸದಲ್ಲ.

1. ಕಾಸ್ಕ್ ಏಲ್ ಅಂದರೆ ಏನು ಅಂತ ತಿಳಿದುಕೊಳ್ಳಿ

ನಾವು ಊರಿನಲ್ಲಿ ಹೆಚ್ಚಾಗಿ ಕುಡಿಯುವ ಬಿಯರ್ ಲಾಗರ್. ಅದನ್ನು ತಂಪಿನಲ್ಲಿ ಹುದುಗಿಸಿ, ಸೋಸಿ, ಬಾಟಲಿಯಲ್ಲಾದರೆ ಸಾಮಾನ್ಯವಾಗಿ ಬಿಸಿ ಮಾಡಿ ಯೀಸ್ಟನ್ನು ಕೊಂದು, ಗ್ಯಾಸ್ ತುಂಬಿ ಕಳಿಸುತ್ತಾರೆ. ಎಲ್ಲೇ ತೆರೆದರೂ ಒಂದೇ ರುಚಿ. ಪಬ್ಬುಗಳಲ್ಲಿ ಗ್ಯಾಸಿನ ಒತ್ತಡದಿಂದ ನಲ್ಲಿಯಲ್ಲಿ ಬರುವ ಬಿಯರ್ ಇರುವ ಪಾತ್ರೆಗೆ ಕೆಗ್ ಅನ್ನುತ್ತಾರೆ.

ಏಲ್ ಅನ್ನು ಸ್ವಲ್ಪ ಬೆಚ್ಚಗಿನ ಉಷ್ಣಾಂಶದಲ್ಲಿ ಹುದುಗಿಸುತ್ತಾರೆ. ಅದರಿಂದ ಹಣ್ಣಿನಂಥ ಪರಿಮಳ ಬರುತ್ತದೆ. ಕಾಸ್ಕ್ ಏಲ್ ಅಂದರೆ ಸೋಸದೆ, ಬಿಸಿ ಮಾಡದೆ, ಜೀವಂತ ಯೀಸ್ಟಿನ ಸಮೇತ ಪೀಪಾಯಿಗೆ ತುಂಬಿದ ಏಲ್. ಪೀಪಾಯಿಯೊಳಗೆ ಅದು ಎರಡನೇ ಸಲ ಹುದುಗುತ್ತದೆ. ಅದರಲ್ಲಿರುವ ಗ್ಯಾಸ್ ಹೀಗೆ ತಾನಾಗಿ ಹುಟ್ಟಿದ್ದು, ಹೊರಗಿನಿಂದ ತುಂಬಿದ್ದಲ್ಲ. ಇದಕ್ಕೇ ರಿಯಲ್ ಏಲ್ ಅಂತಲೂ ಹೆಸರು. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಕೆಗ್ ಬಿಯರನ್ನೇ ಎಲ್ಲ ಕಡೆ ತುಂಬತೊಡಗಿದಾಗ ಇದು ಕಣ್ಮರೆಯಾಗುವ ಸ್ಥಿತಿಗೆ ಬಂದಿತ್ತು. 1971ರಲ್ಲಿ ನಾಲ್ಕು ಜನ ಸ್ನೇಹಿತರು ಇದನ್ನು ಉಳಿಸಲು ಒಂದು ಸಂಘ ಕಟ್ಟಿದರು. ಅದೇ ಕ್ಯಾಮ್ರಾ. ಇವತ್ತು ಇಷ್ಟು ಪಬ್ಬುಗಳಲ್ಲಿ ಈ ಬಿಯರ್ ಸಿಗುತ್ತಿರುವುದರಲ್ಲಿ ಆ ಸಂಘದ ಪಾಲು ದೊಡ್ಡದು.

ಇನ್ನು ನೆಲಮಾಳಿಗೆಯಲ್ಲಿ ನಡೆಯುವ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಎಲ್ಲ ಸಲಹೆಗಳ ಕಾರಣ ಇಲ್ಲಿದೆ.

ಪೀಪಾಯಿಯನ್ನು ಅಲುಗಾಡದಂತೆ ಅಡ್ಡಲಾಗಿ ಮಲಗಿಸುತ್ತಾರೆ. ಮೇಲಿನ ತೂತಿಗೆ ಸಣ್ಣ ರಂಧ್ರಗಳಿರುವ ಮೆದು ಮರದ ಬೆಣೆ ಹೊಡೆಯುತ್ತಾರೆ. ಈ ಬೆಣೆಗೆ ಸ್ಪೈಲ್ ಅಂತ ಹೆಸರು. ಹೆಚ್ಚಿನ ಗ್ಯಾಸ್ ಅದರ ಮೂಲಕ ಹೊರಗೆ ಹೋಗುತ್ತದೆ. ಗ್ಯಾಸ್ ಸಾಕಷ್ಟು ಇಳಿದ ಮೇಲೆ ಗಟ್ಟಿ ಬೆಣೆ ಹಾಕಿ ಉಳಿದದ್ದನ್ನು ಒಳಗೇ ಹಿಡಿದಿಡುತ್ತಾರೆ. ಅಷ್ಟರಲ್ಲಿ ಯೀಸ್ಟಿನ ಗಸಿ ತಳಕ್ಕೆ ಕೂತಿರುತ್ತದೆ. ಬೆಣೆ ಬದಲಿಸುವ ಗಳಿಗೆ ಯಾವುದು ಅಂತ ಗೊತ್ತಾಗುವುದು ಅನುಭವದಿಂದ. ಬೇಗ ಮಾಡಿದರೆ ಬಿಯರ್ ಕಾಯಿಯಾಗಿಯೇ ಲೋಟಕ್ಕೆ ಬರುತ್ತದೆ. ತಡವಾದರೆ ಗ್ಯಾಸೆಲ್ಲ ಹೋಗಿ ಸತ್ತಂತಾಗುತ್ತದೆ.

ಬಡಿಸಲು ಶುರು ಮಾಡಿದ ಮೇಲೆ ಗಡಿಯಾರ ಓಡತೊಡಗುತ್ತದೆ. ಬಿಯರ್ ಹೊರಗೆ ಬಂದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಮರದಿಂದ ಇಳಿಸಿದ ಹೆಂಡ ಸಂಜೆಯ ಹೊತ್ತಿಗೆ ಬೇರೆಯೇ ಆಗಿರುತ್ತದಲ್ಲ, ಇಲ್ಲಿಯೂ ಹಾಗೆಯೇ, ಗಂಟೆಗಳ ಬದಲು ದಿನಗಳಲ್ಲಿ. ಸಾಮಾನ್ಯವಾಗಿ ತೆರೆದ ಮೂರು ದಿನದೊಳಗೆ ಪೀಪಾಯಿ ಖಾಲಿಯಾಗಬೇಕು ಅನ್ನುವುದು ಈ ಕಸುಬಿನ ನಿಯಮ.

2. ಪಬ್ ಆರಿಸಿ

ಪಬ್ಬುಗಳಿಗೆ ಹೆಚ್ಚಾಗಿ ಬರುವ ಪೀಪಾಯಿಗೆ ಫರ್ಕಿನ್ ಅನ್ನುತ್ತಾರೆ. ಅದರಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್ ಹಿಡಿಯುತ್ತದೆ. ಒಂದು ಪೈಂಟ್ ಅಂದರೆ 568 ಮಿ.ಲೀ. ಮೂರು ದಿನದಲ್ಲಿ ಮುಗಿಸಬೇಕಾದರೆ ದಿನಕ್ಕೆ ಸುಮಾರು 24 ಪೈಂಟ್ ಮಾರಬೇಕು. ಅದೂ ಒಂದು ಬಗೆಯ ಬಿಯರಿನದ್ದು. ಆರು ಬಗೆ ಇಟ್ಟರೆ ದಿನಕ್ಕೆ 140ಕ್ಕೂ ಜಾಸ್ತಿ.

ಈ ಲೆಕ್ಕ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಮಂಗಳವಾರ ಮಧ್ಯಾಹ್ನ ನಾಲ್ಕು ಜನ ಕೂತಿರುವ ಪಬ್ಬಿನಲ್ಲಿ ಎಂಟು ಹ್ಯಾಂಡ್‌ಪಂಪ್ (ಬಿಯರ್ ಎಳೆಯುವ ಹಿಡಿಕೆ, ಒಂದೊಂದಕ್ಕೆ ಒಂದೊಂದು ಬಗೆ) ಇದ್ದರೆ ಅನುಮಾನಪಡಿ. ಅದೇ ಪಬ್ಬಿನಲ್ಲಿ ಎರಡೇ ಇದ್ದರೆ ಧೈರ್ಯವಾಗಿ ಕೂತುಕೊಳ್ಳಿ. ಬಗೆ ಜಾಸ್ತಿ ಇದ್ದ ಮಾತ್ರಕ್ಕೆ ಒಳ್ಳೆಯ ಪಬ್ ಅಲ್ಲ. ಹೊಸಬರು ಬೀಳುವ ಮೊದಲ ಹಳ್ಳ ಇದು.

ಬಾಗಿಲ ಹತ್ತಿರ ಕಾಸ್ಕ್ ಮಾರ್ಕ್ ಎಂಬ ಫಲಕ ಇದೆಯಾ ನೋಡಿ. ಈ ಫಲಕ ಕೊಡುವ ಸಂಸ್ಥೆಯ ಪರೀಕ್ಷಕರು ಹೇಳದೆ ಕೇಳದೆ ಬಂದು ಬಿಯರಿನ ಉಷ್ಣಾಂಶ, ನೋಟ, ಪರಿಮಳ, ರುಚಿ ಪರೀಕ್ಷಿಸುತ್ತಾರೆ. ಕ್ಯಾಮ್ರಾ ಪ್ರತಿವರ್ಷ ತರುವ ಗುಡ್ ಬಿಯರ್ ಗೈಡ್ ಇನ್ನೊಂದು ಆಸರೆ. ಸ್ಥಳೀಯ ಸದಸ್ಯರು ತಾವೇ ಕುಡಿದು ನೋಡಿ ಆರಿಸಿದ ಪಬ್ಬುಗಳು ಅದರಲ್ಲಿರುತ್ತವೆ. ನನ್ನ ಮಟ್ಟಿಗೆ ಫಲಕಕ್ಕಿಂತ ಈ ಪುಸ್ತಕದ ಮೇಲೆಯೇ ನಂಬಿಕೆ ಜಾಸ್ತಿ.

ಎಲ್ಲಿಂದ ಶುರು ಮಾಡುವುದು? ಲಂಡನ್ನಿನಲ್ಲಿದ್ದರೆ ಚೇರಿಂಗ್ ಕ್ರಾಸ್ ಹತ್ತಿರದ ದಿ ಹಾರ್ಪ್. ಕ್ಯಾಮ್ರಾದ ರಾಷ್ಟ್ರಮಟ್ಟದ ವರ್ಷದ ಪಬ್ ಪ್ರಶಸ್ತಿ ಲಂಡನ್ನಿಗೆ ಮೊದಲು ತಂದುಕೊಟ್ಟದ್ದು ಇದೇ. ಲಂಡನ್ನಿನದೇ ಬರೋ ಎಂಬ ಬಡಾವಣೆಯ ಟಬಾರ್ಡ್ ಸ್ಟ್ರೀಟಿನಲ್ಲಿರುವ ರಾಯಲ್ ಓಕ್ ಕೂಡ ಒಳ್ಳೆಯ ಆಯ್ಕೆ. ಸಸೆಕ್ಸಿನ ಲೂಯಿಸ್ ಪಟ್ಟಣದ ಹಾರ್ವೀಸ್ ಬಿಯರ್ ಅಲ್ಲಿ ಸಿಗುತ್ತದೆ. ಶೆಫೀಲ್ಡ್‌ನಲ್ಲಿದ್ದರೆ ನೀವು ಅದೃಷ್ಟವಂತರು. ಕೆಲ್ಹಮ್ ಐಲೆಂಡ್ ಬಡಾವಣೆಯಲ್ಲಿ ಫ್ಯಾಟ್ ಕ್ಯಾಟ್, ಕೆಲ್ಹಮ್ ಐಲೆಂಡ್ ಟ್ಯಾವರ್ನ್ ಎರಡೂ ನಡೆದು ಹೋಗುವಷ್ಟು ಹತ್ತಿರ. ಬರ್ಮಿಂಗ್‌ಹ್ಯಾಮಿನ ಪಕ್ಕದ ಬ್ಲ್ಯಾಕ್ ಕಂಟ್ರಿ ಕಡೆಯಿದ್ದರೆ ಬ್ರಿಯರ್ಲಿ ಹಿಲ್‌ನಲ್ಲಿ ಬೇಥಮ್ಸ್ ಕಂಪನಿಯ ಸ್ವಂತ ಪಬ್ ದಿ ವೈನ್ ಇದೆ.

3. ಪಂಪ್ ಓದಿ, ಬಿಯರ್ ಆರಿಸಿ

ಬಾರ್ ಮೇಲೆ ಸಾಲಾಗಿ ನಿಂತ ಉದ್ದ ಹಿಡಿಕೆಗಳೇ ಹ್ಯಾಂಡ್‌ಪಂಪ್‌ಗಳು. ಹಿಡಿಕೆ ಎಳೆದಾಗ ನೆಲಮಾಳಿಗೆಯಿಂದ ಬಿಯರ್ ಮೇಲೇರಿ ಬರುತ್ತದೆ. ಹಿಡಿಕೆಗೆ ಸಿಕ್ಕಿಸಿದ ಬಣ್ಣದ ಬಿಲ್ಲೆ ಪಂಪ್ ಕ್ಲಿಪ್. ಅದರ ಮೇಲೆ ಬಿಯರಿನ ಹೆಸರು, ತಯಾರಕರು, ಆಲ್ಕೋಹಾಲಿನ ಪ್ರಮಾಣ ಇರುತ್ತದೆ. ಕ್ಲಿಪ್ಪನ್ನು ಹಿಂದುಮುಂದಾಗಿ ತಿರುಗಿಸಿದ್ದರೆ ಆ ಬಿಯರ್ ಮುಗಿದಿದೆ ಅಥವಾ ಇನ್ನೂ ತಯಾರಾಗಿಲ್ಲ ಅಂತ ಅರ್ಥ. ಕೆಲವು ಪಬ್ಬುಗಳಲ್ಲಿ ಪಂಪೇ ಇರುವುದಿಲ್ಲ. ಬಾರ್ ಹಿಂದೆ ಇಟ್ಟ ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಬಿಡುತ್ತಾರೆ. ಅದೂ ಕಾಸ್ಕ್ ಏಲೇ.

ಒಂದು ಎಚ್ಚರಿಕೆ: ಹ್ಯಾಂಡ್‌ಪಂಪ್ ಇದ್ದ ಮಾತ್ರಕ್ಕೆ ಕಾಸ್ಕ್ ಅಂತ ಖಾತ್ರಿಯಿಲ್ಲ. ಕೆಗ್ ಬಿಯರನ್ನೂ ಅದೇ ಥರದ ಹಿಡಿಕೆಯಿಂದ ಕೊಡುವ ಪದ್ಧತಿ 2024ರಲ್ಲಿ ದೊಡ್ಡ ಮಟ್ಟದಲ್ಲಿ ಶುರುವಾಗಿ, ಕ್ಯಾಮ್ರಾ ಅದನ್ನು ಬಲವಾಗಿ ವಿರೋಧಿಸಿತು. ಅನುಮಾನ ಬಂದರೆ "ಈಸ್ ದಿಸ್ ಕಾಸ್ಕ್?" ಅಂತ ನೇರವಾಗಿ ಕೇಳಿ.

ಬಗೆಗಳು ಬಹಳ ಇವೆ. ಶುರುವಿಗೆ ಇಷ್ಟು ಸಾಕು.

ಬಿಟರ್: ಇಂಗ್ಲೆಂಡಿನ ದಿನನಿತ್ಯದ ಬಿಯರ್. ತಾಮ್ರದ ಬಣ್ಣ, ಶೇ. 3.5ರಿಂದ 4ರ ಆಸುಪಾಸು ಆಲ್ಕೋಹಾಲ್. ಸ್ವಲ್ಪ ಗಟ್ಟಿಯಾದದ್ದು ಬೆಸ್ಟ್ ಬಿಟರ್. ಹಾರ್ವೀಸ್ ಸಸೆಕ್ಸ್ ಬೆಸ್ಟ್, ಫುಲ್ಲರ್ಸ್ ಲಂಡನ್ ಪ್ರೈಡ್, ಯಾರ್ಕ್‌ಶೈರಿನ ಟಿಮೊತಿ ಟೇಲರ್ಸ್ ಲ್ಯಾಂಡ್‌ಲಾರ್ಡ್ ಹೆಸರುವಾಸಿ. ಹೆಸರು ಕೇಳಿ ಹೆದರಬೇಡಿ, ಹಾಗಲಕಾಯಿಯ ಕಹಿ ಅಲ್ಲ ಇದು. ಮೊದಲ ಲೋಟ ಬೆಸ್ಟ್ ಬಿಟರ್ ಆಗಲಿ ಅನ್ನುವುದು ನನ್ನ ಸಲಹೆ.

ಮೈಲ್ಡ್: ಸಾಮಾನ್ಯವಾಗಿ ಕಪ್ಪು ಕಂದು ಬಣ್ಣ, ಕಹಿ ಕಡಿಮೆ, ಆಲ್ಕೋಹಾಲೂ ಕಡಿಮೆ. ಬ್ಲ್ಯಾಕ್ ಕಂಟ್ರಿ ಕಡೆ ಚೆನ್ನಾಗಿ ಸಿಗುತ್ತದೆ. ಅಲ್ಲಿನ ಸಾರಾ ಹ್ಯೂಸ್ ಡಾರ್ಕ್ ರೂಬಿ ಮಾತ್ರ ಶೇ. 6, ಹೆಸರಿನಲ್ಲಿ ಮೈಲ್ಡ್ ಇದ್ದರೂ ಜೋಪಾನ.

ಗೋಲ್ಡನ್ ಏಲ್: ತಿಳಿ ಹಳದಿ, ಹಗುರ. ಲಾಗರಿನಿಂದ ಬಂದವರಿಗೆ ಸುಲಭದ ಮೆಟ್ಟಿಲು. 1980ರ ದಶಕದಲ್ಲಿ ಬೆಳೆದ ಬಗೆ ಇದು. ಸಾಲಿಸ್‌ಬರಿ ಹತ್ತಿರದ ಹಾಪ್ ಬ್ಯಾಕ್ ಕಂಪನಿಯ ಸಮ್ಮರ್ ಲೈಟ್ನಿಂಗ್ ಒಳ್ಳೆಯ ಉದಾಹರಣೆ.

ಪೋರ್ಟರ್, ಸ್ಟೌಟ್, ಓಲ್ಡ್ ಏಲ್: ಕಪ್ಪು, ಹುರಿದ ರುಚಿ, ಚಳಿಗಾಲಕ್ಕೆ ಹೇಳಿ ಮಾಡಿಸಿದ್ದು. ಯಾರ್ಕ್‌ಶೈರಿನ ಮ್ಯಾಶಮ್ ಊರಿನ ಥೀಕ್‌ಸ್ಟನ್ ಓಲ್ಡ್ ಪೆಕ್ಯೂಲಿಯರ್ ಶೇ. 5.6. ಮಿಲ್ಕ್ ಸ್ಟೌಟ್ ಅಂತಿದ್ದರೆ ಅದರಲ್ಲಿ ಹಾಲಿನ ಸಕ್ಕರೆ ಇರುತ್ತದೆ. ಹಾಲು ಒಗ್ಗದವರು ಬಿಡಿ.

ಐಪಿಎ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇಂಡಿಯಾ ಪೇಲ್ ಏಲ್ ಅಂತ ಇರುವ ಹೆಸರು ನಮ್ಮ ದೇಶದ್ದೇ. ಹಾಪ್ಸ್ ಜಾಸ್ತಿ ಹಾಕಿದ ಪೇಲ್ ಏಲ್ ಲಂಡನ್ನಿನಿಂದ, ಆಮೇಲೆ ಬರ್ಟನ್ ಪಟ್ಟಣದಿಂದ ಹಡಗಿನಲ್ಲಿ ಭಾರತಕ್ಕೆ ಬರುತ್ತಿತ್ತು. ಹಾಪ್ಸ್ ಅಂದರೆ ಬಿಯರಿಗೆ ಕಹಿ ಮತ್ತು ಘಮ ಕೊಡುವ ಬಳ್ಳಿಯ ಹೂವು. ಅದು ಬಿಯರ್ ಬೇಗ ಕೆಡದಂತೆಯೂ ನೋಡಿಕೊಳ್ಳುತ್ತದೆ. ಆದರೆ ಬೆಂಗಳೂರಿನ ಬ್ರೂಪಬ್ಬುಗಳಲ್ಲಿ ಐಪಿಎ ಅಂತ ಸಿಗುವುದು ಬಹುಪಾಲು ಅಮೆರಿಕನ್ ಶೈಲಿಯದು, ಹಣ್ಣಿನ ಘಮ ಮೂಗಿಗೆ ಹೊಡೆಯುವಂಥದ್ದು. ಇಂಗ್ಲೆಂಡಿನ ಕೆಲವು ಹಳೆಯ ಕಂಪನಿಗಳ ಐಪಿಎ ಬರೀ ಹಗುರವಾದ ಬಿಟರ್. ಹೆಸರು ನೋಡಿ ಅದೇ ರುಚಿ ನಿರೀಕ್ಷಿಸಿದರೆ ನಿರಾಸೆ ಖಂಡಿತ.

4. ಬಾರ್‌ನಲ್ಲಿ ಕೇಳಿ

ಟೇಬಲ್ಲಿನಲ್ಲಿ ಕೂತು ಕಾಯಬೇಡಿ, ಯಾರೂ ಬರುವುದಿಲ್ಲ. ನೀವೇ ಬಾರ್‌ಗೆ ಹೋಗಬೇಕು. ಸಾಲು ಇಲ್ಲದಿದ್ದರೂ ಯಾರು ಮೊದಲು ಬಂದರು ಅನ್ನುವುದು ಬಾರ್‌ನವರಿಗೆ ಗೊತ್ತಿರುತ್ತದೆ. ದುಡ್ಡು ಆಡಿಸುವುದು, ಕೂಗಿ ಕರೆಯುವುದು ಬೇಡ. ನಿಮಗಿಂತ ಮುಂಚೆ ಬಂದವರಿದ್ದರೆ ಅವರನ್ನು ತೋರಿಸಿ. ಟಿಪ್ಸ್ ಕೊಡುವ ರೂಢಿ ಇಲ್ಲ.

ರುಚಿ ನೋಡಲು ಒಂದು ಗುಟುಕು ಕೇಳಬಹುದು: "ಕುಡ್ ಐ ಟ್ರೈ ದಿಸ್, ಪ್ಲೀಸ್?" ಹೆಚ್ಚಿನ ಕಡೆ ಸಣ್ಣ ಲೋಟದಲ್ಲಿ ಖುಷಿಯಿಂದ ಕೊಡುತ್ತಾರೆ. ಜನ ತುಂಬಿರುವಾಗ ಸಾಲಾಗಿ ಐದಾರು ಬಗೆ ಕೇಳಬೇಡಿ. ಒಂದೆರಡು ಸಾಕು.

ಆಮೇಲೆ ಅರ್ಧ ಪೈಂಟ್ ತೊಗೊಳ್ಳಿ. "ಹಾಫ್ ಆಫ್ ಲ್ಯಾಂಡ್‌ಲಾರ್ಡ್, ಪ್ಲೀಸ್" ಅಂದರೆ ಸಾಕು. ಕಾನೂನು ಪ್ರಕಾರ ಮೂರನೇ ಒಂದು ಪೈಂಟ್, ಮೂರನೇ ಎರಡು ಪೈಂಟ್ ಅಳತೆಗಳಿಗೂ ಅವಕಾಶವಿದೆ. ಎಲ್ಲ ಪಬ್ಬುಗಳಲ್ಲಿ ಆ ಲೋಟ ಇರುವುದಿಲ್ಲ, ಅಷ್ಟೇ. ಅರ್ಧ ಪೈಂಟ್ ಕುಡಿದರೆ ಮರ್ಯಾದೆ ಕಡಿಮೆ ಅನ್ನುವ ಮಾತಿಗೆ ಕಿವಿಗೊಡಬೇಡಿ. ರುಚಿ ನೋಡಲು ಹೊರಟವರಿಗೆ ಅದೇ ಸರಿಯಾದ ಅಳತೆ.

ಶೇ. 4ರ ಒಂದು ಪೈಂಟಿನಲ್ಲಿ ಸುಮಾರು 2.3 ಯೂನಿಟ್ ಆಲ್ಕೋಹಾಲ್ ಇರುತ್ತದೆ. ವಾರಕ್ಕೆ 14 ಯೂನಿಟ್ ದಾಟಬೇಡಿ ಅನ್ನುವುದು ಇಲ್ಲಿನ ಮುಖ್ಯ ವೈದ್ಯಾಧಿಕಾರಿಗಳ ಸಲಹೆ. ಅಂದರೆ ಇಡೀ ವಾರಕ್ಕೆ ಆರು ಪೈಂಟ್.

ಲೋಟಕ್ಕೆ ಸುರಿಯುವಾಗ ಎರಡು ವಿಷಯ ನೋಡಿ. ಮೊದಲನೆಯದು ಲೋಟ. ತೊಳೆಯುವ ಯಂತ್ರದಿಂದ ಆಗ ತಾನೇ ತೆಗೆದ ಬಿಸಿ ಲೋಟಕ್ಕೆ ಸುರಿದರೆ ಬಿಯರ್ ಕೆಟ್ಟಿತು ಅಂತಲೇ ಲೆಕ್ಕ. ತಣ್ಣಗಿನ ಲೋಟ ಕೇಳಿ. ಎರಡನೆಯದು, ಪಂಪಿನ ಕೊಕ್ಕಿನ ತುದಿಯಲ್ಲಿ ಸಣ್ಣ ತೂತುಗಳ ಪ್ಲಾಸ್ಟಿಕ್ ಮೂತಿ ಇದೆಯಾ ಅನ್ನುವುದು. ಅದಕ್ಕೆ ಸ್ಪಾರ್ಕ್ಲರ್ ಅನ್ನುತ್ತಾರೆ. ಅದರ ಮೂಲಕ ಬಂದ ಬಿಯರಿಗೆ ಕೆನೆಯಂಥ ದಪ್ಪ ನೊರೆ ಬರುತ್ತದೆ. ಯಾರ್ಕ್‌ಶೈರ್ ಮತ್ತು ಉತ್ತರದ ಕಡೆ ಇದಿಲ್ಲದೆ ನಡೆಯುವುದಿಲ್ಲ. ಲಂಡನ್ ಮತ್ತು ದಕ್ಷಿಣದಲ್ಲಿ ಬಹಳಷ್ಟು ಜನ ಇದನ್ನು ಒಪ್ಪುವುದಿಲ್ಲ. ಅಲ್ಲಿ ನೊರೆ ತೆಳ್ಳಗಿರುತ್ತದೆ. ಎರಡೂ ತಪ್ಪಲ್ಲ. ಉತ್ತರದ ಬಿಯರನ್ನು ಸ್ಪಾರ್ಕ್ಲರ್ ಸಮೇತವೇ ಕುಡಿಯುವುದು ನನಗೆ ಇಷ್ಟ. ಹಾಪ್ಸಿನ ಘಮ ಪೂರ್ತಿ ಬೇಕು ಅನ್ನಿಸಿದಾಗ ಮಾತ್ರ ತೆಗೆಯಲು ಹೇಳುತ್ತೇನೆ.

ನೊರೆಯೇ ಜಾಸ್ತಿಯಾಗಿ ಬಿಯರ್ ಕಡಿಮೆ ಅನ್ನಿಸಿದರೆ "ಟಾಪ್ ಅಪ್, ಪ್ಲೀಸ್" ಅನ್ನಿ. ಸುಮ್ನೆ ತುಂಬಿಸಿಕೊಡುತ್ತಾರೆ.

ಪಬ್ ತೆರೆದ ಕೂಡಲೇ ಹೋದವರಿಗೊಂದು ಮಾತು. ಹಿಂದಿನ ರಾತ್ರಿಯಿಂದ ಕೊಳವೆಯಲ್ಲೇ ನಿಂತ ಬಿಯರ್ ಮೊದಲ ಲೋಟಕ್ಕೆ ಬರುವ ಅಪಾಯ ಇರುತ್ತದೆ. ಒಳ್ಳೆಯ ಪಬ್ಬಿನವರು ಅದನ್ನು ಮೊದಲೇ ಎಳೆದು ಚೆಲ್ಲುತ್ತಾರೆ. ಆದರೂ ಬೇರೆಯವರು ಆಗಲೇ ತೊಗೊಂಡಿರುವ ಬಿಯರನ್ನೇ ಕೇಳುವುದು ಜಾಣತನ.

5. ನೋಡಿ

ಲೋಟವನ್ನು ಬೆಳಕಿಗೆ ಹಿಡಿಯಿರಿ. ಬಿಯರ್ ತಿಳಿಯಾಗಿರಬೇಕು. ಕಪ್ಪು ಬಿಯರನ್ನು ಅಂಚಿನಲ್ಲಿ ನೋಡಿ, ಮಾಣಿಕ್ಯದ ಕೆಂಪು ಕಾಣಬೇಕು. ಮಬ್ಬಾಗಿದ್ದರೆ ಪೀಪಾಯಿಯ ತಳದ ಗಸಿ ಬಂದಿರಬಹುದು. ಅನ್‌ಫೈನ್ಡ್ ಬಿಯರ್ ಮಾತ್ರ ಸಹಜವಾಗಿಯೇ ಮಬ್ಬು. ಅದನ್ನು ಕ್ಲಿಪ್ ಮೇಲೆ ಬರೆದಿದ್ದರೆ ಅಥವಾ ಬಾರ್‌ನವರು ಮೊದಲೇ ಹೇಳಿದ್ದರೆ ದೂರುವಂತಿಲ್ಲ.

ಲೋಟದ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಲೋಟ ಸರಿಯಾಗಿ ತೊಳೆದಿಲ್ಲ. ಕುಡಿಯುತ್ತಾ ಹೋದಂತೆ ನೊರೆ ಬಳೆಬಳೆಯಾಗಿ ಗೋಡೆಗೆ ಉಳಿದರೆ ಲೋಟ ಶುದ್ಧವಾಗಿದೆ, ಬಿಯರಿನ ಸ್ಥಿತಿಯೂ ಚೆನ್ನಾಗಿದೆ.

6. ಮೂಸಿ

ಮೊದಲ ಗುಟುಕಿಗೆ ಮುಂಚೆ ಇದನ್ನು ಮಾಡಿ. ಲೋಟವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಜೋರಾಗಿ ತಿರುಗಿಸಿದರೆ ಇರುವ ಸ್ವಲ್ಪ ಗ್ಯಾಸೂ ಹೋಗುತ್ತದೆ. ಮೂಗು ಹತ್ತಿರ ತಂದು ಚಿಕ್ಕ ಚಿಕ್ಕ ಉಸಿರು ಎಳೆದುಕೊಳ್ಳಿ.

ಮಾಲ್ಟಿನಿಂದ ಬರುವುದು ಬಿಸ್ಕೆಟ್, ಬ್ರೆಡ್ಡಿನ ಅಂಚು, ಸಕ್ಕರೆ ಪಾಕದ ವಾಸನೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಇಂಗ್ಲೆಂಡಿನಲ್ಲಿ ಮಾರಿಸ್ ಓಟರ್ ಎಂಬ ಬಾರ್ಲಿ ತಳಿಗೆ ತುಂಬಾ ಬೆಲೆ. ಇಲ್ಲಿನ ಸಾಂಪ್ರದಾಯಿಕ ಹಾಪ್ಸ್ ಎಂದರೆ ಗೋಲ್ಡಿಂಗ್ಸ್ ಮತ್ತು ಫಗಲ್. ಒಣ ಹುಲ್ಲು, ಮಣ್ಣು, ಸ್ವಲ್ಪ ಮಸಾಲೆ, ಕಿತ್ತಳೆ ಸಿಪ್ಪೆ, ಇಂಥ ಸದ್ದಿಲ್ಲದ ಪರಿಮಳ ಅವುಗಳದ್ದು. ಅಮೆರಿಕದ ಹಾಪ್ಸ್ ಆದರೆ ಚಕ್ಕೋತದಂಥ ಘಮ ಎದ್ದು ಹೊಡೆಯುತ್ತದೆ. ಯೀಸ್ಟ್ ತನ್ನ ಪಾಲಿಗೆ ಹಣ್ಣಿನ ವಾಸನೆ ಸೇರಿಸುತ್ತದೆ.

ಬರ್ಟನ್ನಿನ ಕೆಲವು ಬಿಯರುಗಳಲ್ಲಿ ಬೆಂಕಿಕಡ್ಡಿ ಗೀಚಿದಾಗ ಬರುವಂಥ ವಾಸನೆ ಇರುತ್ತದೆ. ಅಲ್ಲಿನ ನೀರಿನಲ್ಲಿ ಜಿಪ್ಸಮ್ ಜಾಸ್ತಿ, ಅದರ ಗುಣ ಇದು. ಕೆಟ್ಟಿದೆ ಅಂತ ತಿಳಿಯಬೇಡಿ.

ಇಂಗ್ಲಿಷ್ ಪುಸ್ತಕಗಳಲ್ಲಿ ಓದಿದ ಹಣ್ಣಿನ ಹೆಸರುಗಳನ್ನೇ ಹುಡುಕಬೇಕಿಲ್ಲ. ನಿಮಗೆ ಹುರಿಗಡಲೆ, ಹೆರಳೆಕಾಯಿ, ಹುರಿದ ಕಾಫಿ ಬೀಜ ಅನ್ನಿಸಿದರೆ ಅದನ್ನೇ ಬರೆದುಕೊಳ್ಳಿ. ನೆನಪಿನಲ್ಲಿ ಉಳಿಯುವುದು ಅದೇ.

7. ಕುಡಿಯಿರಿ

ಮೊದಲ ಗುಟುಕು ಬಾಯಿ ತೊಳೆಯುವುದಕ್ಕೆ. ಅದರಿಂದ ಏನೂ ತೀರ್ಮಾನ ಮಾಡಬೇಡಿ. ಎರಡನೆಯದನ್ನು ಸ್ವಲ್ಪ ಧಾರಾಳವಾಗಿ ತೊಗೊಂಡು ನಾಲಿಗೆ ತುಂಬಾ ಹರಡಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ಒಳಗಿನಿಂದ ಬರುವ ಘಮ ಆಗ ಗೊತ್ತಾಗುತ್ತದೆ. ವೈನಿನ ಥರ ಉಗುಳುವ ಪದ್ಧತಿ ಇಲ್ಲಿಲ್ಲ. ಕಹಿ ಪೂರ್ತಿಯಾಗಿ ತಿಳಿಯುವುದು ನುಂಗಿದ ಮೇಲೆಯೇ.

ಉಷ್ಣಾಂಶದ ವಿಷಯಕ್ಕೆ ಬರೋಣ. ಕಾಸ್ಕ್ ಏಲ್ ಇರಬೇಕಾದದ್ದು 11ರಿಂದ 13 ಡಿಗ್ರಿ ಸೆಲ್ಸಿಯಸ್. ಅಂದರೆ ತಂಪು, ಆದರೆ ಫ್ರಿಜ್ಜಿನ ತಂಪಲ್ಲ. ಕೈಗೆ ಲೋಟ ತಂಪಾಗಿಯೇ ತಾಗಬೇಕು. ಬೇಸಿಗೆಯಲ್ಲಿ ಕೋಣೆಯಷ್ಟೇ ಬೆಚ್ಚಗಿನ ಬಿಯರ್ ಕೊಟ್ಟು "ಇದು ಹೀಗೇ ಇರೋದು" ಅಂದರೆ ಒಪ್ಪಬೇಡಿ. ಇಂಗ್ಲಿಷರು ಬೆಚ್ಚಗಿನ ಬಿಯರ್ ಕುಡಿಯುತ್ತಾರೆ ಅನ್ನುವುದು ಸುಳ್ಳು. ತೀರಾ ತಣ್ಣಗಾದರೆ ನಾಲಿಗೆ ಮರಗಟ್ಟುತ್ತದೆ, ಮಾಲ್ಟಿನ ಸಿಹಿ, ಹಾಪ್ಸಿನ ಘಮ ಎರಡೂ ಮುಚ್ಚಿಹೋಗುತ್ತವೆ. ಅದಕ್ಕೇ ಈ ಅಳತೆ.

ಗ್ಯಾಸಿನದ್ದೂ ಹಾಗೆ. ಇದರಲ್ಲಿ ಲಾಗರಿನ ಅರ್ಧದಷ್ಟೇ ಗ್ಯಾಸ್ ಇರುತ್ತದೆ. ಗಂಟಲಿಗೆ ಚುಚ್ಚುವುದಿಲ್ಲ. ಆದರೆ ನಾಲಿಗೆಯ ಮೇಲೆ ಸಣ್ಣಗೆ ಜುಮ್ ಅನ್ನಲೇಬೇಕು. ಆ ಜುಮ್ಮಿಗೆ ಇಲ್ಲಿನವರು ಕಂಡಿಷನ್ ಅನ್ನುತ್ತಾರೆ. ಅದು ಪೂರ್ತಿ ಇಲ್ಲದಿದ್ದರೆ, ಆರಿದ ಟೀ ಕುಡಿದ ಹಾಗೆ ಅನ್ನಿಸಿದರೆ, ಆ ಬಿಯರ್ ತೆರೆದು ಬಹಳ ದಿನವಾಗಿರಬಹುದು, ಇಲ್ಲಾ ಗಟ್ಟಿ ಬೆಣೆ ಹಾಕಿದ್ದು ತಡವಾಗಿರಬಹುದು. ಮೊದಲಿಗೆ ಹೇಳಿದ ಪ್ರಶ್ನೆಗೆ ಉತ್ತರ ಇದು: ಗ್ಯಾಸ್ ಕಡಿಮೆ ಇರುವುದು ಸರಿ, ಇಲ್ಲವೇ ಇಲ್ಲ ಅನ್ನುವುದು ತಪ್ಪು.

ಕಾಲು ಭಾಗ ಕುಡಿದು ಹತ್ತು ನಿಮಿಷ ಬಿಡಿ. ಮಾತಾಡಿ. ಮತ್ತೆ ಕುಡಿಯಿರಿ. ಸ್ವಲ್ಪ ಬೆಚ್ಚಗಾದ ಬಿಯರಿನಲ್ಲಿ ಮೊದಲು ಸಿಗದ ರುಚಿಗಳು ಮೇಲೆ ಬರುತ್ತವೆ. ಮೊದಲು ಬರೀ ಕಹಿ ಅನ್ನಿಸಿದ ಬೆಸ್ಟ್ ಬಿಟರ್‌ನಲ್ಲಿ ಮಾಲ್ಟಿನ ಸಿಹಿ ಈಗ ಜೊತೆಗೂಡುತ್ತದೆ. ನನಗೆ ಈ ಬಿಯರಿನಲ್ಲಿ ಅತಿ ಪ್ರೀತಿಯ ಗಳಿಗೆ ಇದು. ಗಟಗಟ ಕುಡಿದು ಮುಗಿಸಿದವರಿಗೆ ಇದು ಸಿಗುವುದಿಲ್ಲ.

8. ಕೆಟ್ಟಿದ್ದರೆ ವಾಪಸ್ ಕೊಡಿ

ನಮ್ಮವರು ಅತಿ ಜಾಸ್ತಿ ಹಿಂಜರಿಯುವುದು ಇಲ್ಲಿ. ಪರದೇಶ, ಗೊತ್ತಿಲ್ಲದ ಬಿಯರ್, ಯಾಕೆ ಬೇಕು ಅಂತ ಕಷ್ಟಪಟ್ಟು ಕುಡಿದು ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಕೆಟ್ಟ ಬಿಯರ್ ಬದಲಿಸಿಕೊಡುವುದು ಇಲ್ಲಿನ ಪಬ್ಬುಗಳ ರೂಢಿ. ನೆಲಮಾಳಿಗೆಯಲ್ಲಿ ಪೀಪಾಯಿ ಕೆಟ್ಟಿದ್ದು ಅವರಿಗೂ ತಿಳಿಯಬೇಕು ತಾನೆ?

ಗುರುತುಗಳು ಹೀಗಿವೆ. ವಿನೆಗರಿನ ಹುಳಿ: ಗಾಳಿ ಸೇರಿ ಕೆಟ್ಟಿದೆ, ಅನುಮಾನವೇ ಇಲ್ಲ. ಒದ್ದೆ ರಟ್ಟಿನ ವಾಸನೆ: ಹಳಸಿದೆ. ಹಸಿ ಸೇಬಿನ ವಾಸನೆ: ಇನ್ನೂ ಕಾಯಿ, ಪಕ್ವವಾಗುವ ಮುಂಚೆ ಬಡಿಸಿದ್ದಾರೆ. ಆಸ್ಪತ್ರೆಯ ಡೆಟಾಲ್ ಥರದ ವಾಸನೆ: ಸೋಂಕು ಅಥವಾ ತೊಳೆಯದ ಕೊಳವೆ. ಬೆಣ್ಣೆ ಮಿಠಾಯಿಯ ಜೋರು ವಾಸನೆ: ಹೆಚ್ಚಿನ ಬಿಯರಿನಲ್ಲಿ ದೋಷ. ಆದರೆ ಕೆಲವು ಇಂಗ್ಲಿಷ್ ಏಲ್‌ಗಳಲ್ಲಿ ಇದರ ಸಣ್ಣ ಎಳೆ ಇರುವುದು ಸಹಜ, ಹಾಗಾಗಿ ಇದೊಂದರ ಮೇಲೆ ಜಗಳಕ್ಕೆ ಹೋಗಬೇಡಿ.

ಎರಡು ಮೂರು ಗುಟುಕಿನಲ್ಲೇ ವಾಪಸ್ ತೊಗೊಂಡು ಹೋಗಿ. ಮುಕ್ಕಾಲು ಕುಡಿದು ಹೋದರೆ ಯಾರೂ ನಂಬುವುದಿಲ್ಲ. ಎಲ್ಲರ ಮುಂದೆ ದನಿ ಏರಿಸದೆ ಹೇಳಿ: "ಸಾರಿ, ಐ ಥಿಂಕ್ ದಿಸ್ ಒನ್ಸ್ ಆಫ್. ವುಡ್ ಯು ಮೈಂಡ್ ಚೆಕಿಂಗ್?" ಅವರು ಮೂಸಿ ನೋಡಿ ಬೇರೆ ಬಿಯರ್ ಕೊಡುತ್ತಾರೆ. ಬೇರೆ ಪಂಪಿನದನ್ನೇ ಕೇಳಿ. "ರಿಯಲ್ ಏಲ್ ಅಂದರೆ ಹೀಗೇ" ಅಂತ ವಾದಿಸಿದರೆ ಆ ಪಬ್ಬಿಗೆ ಮತ್ತೆ ಹೋಗಬೇಕಿಲ್ಲ.

ರುಚಿ ನಿಮಗೆ ಇಷ್ಟವಾಗಲಿಲ್ಲ ಅನ್ನುವುದು ಮಾತ್ರ ವಾಪಸ್ ಕೊಡಲು ಕಾರಣವಲ್ಲ. ಗುಟುಕು ನೋಡಿ ಆರಿಸಿ ಅಂದದ್ದು ಅದಕ್ಕೇ.

9. ಮುಂದಿನ ಲೋಟ, ನಂಜಿಕೊಳ್ಳಲು ಮತ್ತು ಅಂಕ

ಹಗುರದಿಂದ ಗಟ್ಟಿಗೆ ಹೋಗಿ. ಮೈಲ್ಡ್ ಅಥವಾ ಬಿಟರ್ ಮೊದಲು, ಹಾಪ್ಸಿನ ಅಬ್ಬರದ್ದು ಆಮೇಲೆ, ಸ್ಟೌಟ್ ಮತ್ತು ಓಲ್ಡ್ ಏಲ್ ಕೊನೆಗೆ. ನಡುವೆ ನೀರು ಕುಡಿಯಿರಿ. ಮದ್ಯ ಮಾರುವ ಪಬ್ಬಿನವರು ಕುಡಿಯುವ ನೀರನ್ನು ಕೇಳಿದರೆ ಪುಕ್ಕಟೆ ಕೊಡಲೇಬೇಕು ಅಂತ ಕಾನೂನಿದೆ.

ನಂಜಿಕೊಳ್ಳಲು ಉಪ್ಪಿನ ಆಲೂಗಡ್ಡೆ ಚಿಪ್ಸ್ ಸಾಕು, ಅದಕ್ಕೆ ಇಲ್ಲಿ ಕ್ರಿಸ್ಪ್ಸ್ ಅನ್ನುತ್ತಾರೆ. ಚಿಪ್ಸ್ ಅಂತ ಕೇಳಿದರೆ ಬಿಸಿ ಬಿಸಿ ಫ್ರೈಸ್ ಬರುತ್ತದೆ. ಊಟಕ್ಕಾದರೆ ಪ್ಲೌಮನ್ಸ್ ಲಂಚ್ ಕೇಳಿ. ಬ್ರೆಡ್, ಚೆಡ್ಡಾರ್ ಚೀಸ್, ಸಿಹಿ ಹುಳಿ ಉಪ್ಪಿನಕಾಯಿ ಇರುತ್ತದೆ. ಹ್ಯಾಮ್ ಹಾಕುವ ಕಡೆಯೂ ಇದೆ, ಸಸ್ಯಾಹಾರಿಗಳು ಮೊದಲೇ ಹೇಳಿ. ಚೆಡ್ಡಾರಿನ ಜೊತೆ ಬಿಟರ್ ಬಹಳ ಚೆನ್ನಾಗಿ ಹೊಂದುತ್ತದೆ.

ಕುಡಿದದ್ದನ್ನು ಬರೆದಿಡಿ: ಪಬ್, ಬಿಯರ್, ದಿನಾಂಕ, ಒಂದು ಸಾಲು, ಒಂದು ಅಂಕ. ಕ್ಯಾಮ್ರಾದ ಪದ್ಧತಿಯಲ್ಲಿ 0ರಿಂದ 5ರವರೆಗೆ ಅಂಕ. 0 ಅಂದರೆ ಕುಡಿಯಲಾಗದ್ದು, 3 ಅಂದರೆ ಒಳ್ಳೆಯದು, ಇನ್ನೊಂದು ಲೋಟ ಕೇಳುವಂಥದ್ದು. 5 ಅಪರೂಪ. ಅಂಕ ಕೊಡುವಾಗ ಬಗೆ ಇಷ್ಟವಾಯಿತಾ ಅಂತ ನೋಡಬಾರದು. ಆ ಬಿಯರನ್ನು ಆ ಪಬ್ಬು ಎಷ್ಟು ಚೆನ್ನಾಗಿ ಇಟ್ಟಿದೆ ಅನ್ನುವುದಕ್ಕೆ ಕೊಡಬೇಕು. ಸ್ಟೌಟ್ ಇಷ್ಟವಿಲ್ಲದವರೂ ಚೆನ್ನಾಗಿಟ್ಟ ಸ್ಟೌಟಿಗೆ 4 ಕೊಡಬಹುದು. ಹೀಗೆ ಕೆಲವು ವಾರ ಬರೆದರೆ ನಿಮ್ಮ ಊರಿನಲ್ಲಿ ನಂಬಬಹುದಾದ ಪಬ್ಬುಗಳು ಯಾವುವು ಅಂತ ನಿಮಗೇ ಗೊತ್ತಾಗುತ್ತದೆ.

ಒಂದೇ ಕಡೆ ಹಲವು ಬಗೆ ನೋಡುವ ಆಸೆಯಿದ್ದರೆ ಕ್ಯಾಮ್ರಾದ ಸ್ಥಳೀಯ ಶಾಖೆಗಳು ನಡೆಸುವ ಬಿಯರ್ ಹಬ್ಬಗಳಿಗೆ ಹೋಗಿ. ಅಲ್ಲಿ ಮೂರನೇ ಒಂದು ಪೈಂಟಿನ ಅಳತೆ ಸಾಮಾನ್ಯವಾಗಿ ಸಿಗುತ್ತದೆ. ಬಡಿಸುವವರು ಸ್ವಯಂಸೇವಕರು, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸುತ್ತಾರೆ. ಕೊನೆಯ ದಿನ ಹೋಗಬೇಡಿ, ಒಳ್ಳೆಯ ಪೀಪಾಯಿಗಳು ಅಷ್ಟರಲ್ಲಿ ಖಾಲಿಯಾಗಿರುತ್ತವೆ.